ದುಂಡಪ್ಪನ ಪಾಳಿ

೧

ಎಲ್ಲಿಂದ ಸುರು ಮಾಡುವುದು? ಕದ ಮುಚ್ಚಿದ ಮನೆಯ ಕಥೆಗೆ ಇರುವ ದೊಡ್ಡ ತೊಂದರೆಯೇ ಇದು: ಓದುಗರನ್ನು ಯಾವ ಬಾಗಿಲಿನಿಂದ ಒಳಗೆ ಕರೆಯಬೇಕು? ಮುಂಬಾಗಿಲಿಗೆ ಅಗಳಿ ಬಿದ್ದಿದೆ. ಹಿತ್ತಲ ಬಾಗಿಲಿಗೆ ಒನಕೆ ಆನಿಸಿದ್ದಾರೆ. ಉಳಿದದ್ದು ಮಾಳಿಗೆಯ ಬೆಳಕಿಂಡಿ. ಅಲ್ಲಿಂದ ಇಳಿಯಲು ನಿಮಗೆ ವಯಸ್ಸಾಗಿರಬಹುದು. ನನಗಂತೂ ಹೊಟ್ಟೆ ಬಂದಿದೆ.

ಮೊದಲು ಶಾಸನದ ದನಿ ತೆಗೆದು ನೋಡಿದೆ:

"ಸ್ವಸ್ತಿಶ್ರೀ ಕಾಳಯುಕ್ತಿ ಸಂವತ್ಸರದ ಆಶ್ವೀಜ ಮಾಸದೊಳ್ ಮೂಡಲಗಿಯೆಂಬ ಪುರದೊಳ್ ಸಕಲ ಪುರಜನರುಂ ಕೆಮ್ಮುತ್ತಮಿರ್ದರ್..."

ಹರಿದೆ. ಕಲ್ಲಿನ ಮೇಲೆ ಕೆಮ್ಮು ಕೆತ್ತಲು ಬರುವುದಿಲ್ಲ. ಆಮೇಲೆ ಕಚೇರಿಯ ದನಿ:

"ಮೇ. ಮಾಮಲೇದಾರ ಸಾಹೇಬರ ಹುಜೂರಿಗೆ ನಮ್ರ ವಿನಂತಿ ಏನೆಂದರೆ, ಸದರಿ ಮೂಡಲಗಿ ಮುಕ್ಕಾಮಿನಲ್ಲಿ ಸದರಿ ಜ್ವರವು ಸದರಿ ಮಂದಿಗೆ..."

ಇದನ್ನೂ ಹರಿದೆ. ಜ್ವರಕ್ಕೆ ಇಷ್ಟು ಸದರ ಕೊಟ್ಟರೆ ತಲೆಯ ಮೇಲೆ ಕೂರುತ್ತದೆ. ಈ ಡ್ರಾಫ್ಟಿನಲ್ಲಿ ಲಕ್ಕಪ್ಪ ಎಂಬ ಬಾಜೂಮನೆಯವನು ಗೋಡೆಯಾಚೆ ಕೂತು ಪುಟದ ತುಂಬ ಕೆಮ್ಮುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಕಥೆಗೆ ಉಪಯೋಗವಿರಲಿಲ್ಲ. ಹೊಡೆದುಹಾಕಿದೆ. (ಗೀಟು ಎಳೆದೆ ಎಂದರ್ಥ. ತಪ್ಪು ತಿಳಿಯಬೇಡಿ.)

೨

ಸರಿ, ನೆಟ್ಟಗೆ ಹೇಳುತ್ತೇನೆ.

ಸಾವಿರದ ಒಂಬೈನೂರ ಹದಿನೆಂಟು. ಹಿಂದೆ ಪ್ಲೇಗು ಬಂದಾಗ ಮೂಡಲಗಿಗೆ ಮೂಡಲಗಿಯೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಈ ಹೊಸ ಜ್ವರಕ್ಕೆ ಊರ ಪಂಚರು ತದ್ವಿರುದ್ಧ ಮದ್ದು ಹುಡುಕಿದರು. ತಳವಾರ ಡಂಗುರ ಬಾರಿಸುತ್ತ ಓಣಿ ಓಣಿ ತಿರುಗಿದ: "ಕೇಳ್ರಪ್ಪೋ ಕೇಳ್ರಿ! ಯಾರೂ ಹೊಸ್ತಲಾ ದಾಟಬ್ಯಾಡ್ರಿ! ಹೊರಗಿನವರನ್ನ ಒಳಗ ಕರಕೋಬ್ಯಾಡ್ರಿ! ಅಣ್ಣ ಇರಲಿ ತಮ್ಮ ಇರಲಿ, ಕದಾ ತಗೀಬ್ಯಾಡ್ರಿ!"

ನಮ್ಮ ಮನೆಯಲ್ಲಿ (ಹೌದು, ಇಷ್ಟರಲ್ಲೇ ‘ನಮ್ಮ’ ಎಂದುಬಿಟ್ಟೆ) ಇದ್ದವರು ಮೂವರು. ಯಜಮಾನಿ ಕಾಶೆವ್ವ, ಗಂಡ ಸತ್ತು ಬಹಳ ವರ್ಷಗಳಾದವಳು. ಅವಳ ಕಿರಿಯ ಮಗ ಮಾಲಿಂಗಪ್ಪ, ಮದುವೆಯಾಗದವನು. ಹಿರಿಯ ಮಗನ ಹೆಂಡತಿ ರಾಯವ್ವ.

ಹಿರಿಯ ಮಗ ದುಂಡಪ್ಪ ಇಲ್ಲ. ಅದೇ ಕಥೆ. ರಾಯವ್ವನ ತವರು ಹುಕ್ಕೇರಿ. ಅಲ್ಲಿ ಅವಳ ತಾಯಿಗೆ ಆರಾಮಿಲ್ಲವೆಂದು ಯಾರೋ ಸುದ್ದಿ ತಂದಾಗ "ನೀವs ಒಂದ್ ಸಲ ಹೋಗಿ ನೋಡಿ ಬರ್ರಿ" ಎಂದು ಗಂಡನ ಬೆನ್ನು ಹತ್ತಿ ಕಳಿಸಿದವಳು ಅವಳೇ. ಅವನು ಹೋದ. ಅವನ ಬೆನ್ನಿಗೇ ಡಂಗುರ ಬಂತು. ಹುಕ್ಕೇರಿಯಲ್ಲಿ ಓಣಿಗಳು ಖಾಲಿಯಾಗುತ್ತಿವೆಯಂತೆ ಎಂಬುದು ಕದ ಮುಚ್ಚುವ ಮೊದಲು ಕಿವಿಗೆ ಬಿದ್ದ ಕೊನೆಯ ಮಾತು. ಆಮೇಲೆ ಸುದ್ದಿಯಿಲ್ಲ. ಇದ್ದಾನೆ, ಇಲ್ಲ ಎಂಬ ಎರಡು ಪದಗಳನ್ನೂ ರಾಯವ್ವ ಮನಸ್ಸಿನ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

೩

ಮನೆಯಲ್ಲಿ ಕೂತು ಹೊತ್ತು ಕಳೆಯುವುದು ಹೇಗೆ? ಮೊದಮೊದಲು ಅದೊಂದು ಹಬ್ಬ. ಕಾಶೆವ್ವ ಮಲಗಿದಲ್ಲೇ ಮಾಳಿಗೆಯ ಜಂತಿ ಎಣಿಸಿದಳು. ಎಣಿಸಿ ಮುಗಿಯುವ ಮೊದಲೇ ನಿದ್ದೆ ಬರುತ್ತಿದ್ದುದರಿಂದ ಲೆಕ್ಕ ಎಂದೂ ಹತ್ತಲಿಲ್ಲ. ರಾಯವ್ವ ಹತ್ತಿಯಿಂದ ಕಾಳು ಬಿಡಿಸಿದಳು. ಅದು ಕೆಲಸವೆಂಬುದು ನೆನಪಾಗಿ ಬಿಟ್ಟಳು. ಎಮ್ಮೆ ಮೆಲುಕು ಹಾಕುವುದನ್ನು ಮೂವರೂ ಸಾಲಾಗಿ ಕೂತು ನೋಡಿದರು. ಎಮ್ಮೆಗೂ ಬೇರೆ ಉದ್ಯೋಗವಿರಲಿಲ್ಲ. ಅದೂ ಮೂವರನ್ನು ನೋಡಿತು. ಯಾರು ಯಾರಿಗೆ ಮನರಂಜನೆ ಎಂಬುದು ತೀರ್ಮಾನವಾಗಲಿಲ್ಲ.

ಮಾಲಿಂಗಪ್ಪನ ಹತ್ತಿರ ಮಾತ್ರ ಬೇರೆ ಬಂಡವಾಳವಿತ್ತು. ಕೊಲ್ಹಾಪುರದ ಕಾಲೇಜಿನಲ್ಲಿ ಒಂದು ವರ್ಷ ಕೂತು, ಪ್ರೊಫೆಸರರನ್ನು ಅವರ ಬೆನ್ನ ಹಿಂದೆ ಅಣಕಿಸಿ, ಅವರು ತಿರುಗಿದ್ದನ್ನು ಗಮನಿಸದೆ ಊರಿಗೆ ವಾಪಸಾದವನು. ತಳವಾರನ ದನಿ, ಸ್ವಾಮಿಗಳ ದನಿ, ಗೋಕಾಕದ ಗಿರಣಿಯ ಶಿಳ್ಳು, ಎಲ್ಲ ಬರುತ್ತಿತ್ತು ಅವನಿಗೆ. ಒಮ್ಮೆ ಅಣ್ಣನ ದನಿಯನ್ನೇ ತೆಗೆದ. ದುಂಡಪ್ಪ ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವವನು.

"ಹ್ಹೂಂ. ಏ, ಒಂದ್ ತಂಬಿಗಿ ನೀರ ಕೊಡ."

ರಾಯವ್ವ ತಂಬಿಗೆ ತುಂಬಿಕೊಂಡು ಪಡಸಾಲೆಗೆ ಬಂದಳು. ಬಂದ ಮೇಲೆ ಅವಳಿಗೆ ನೆನಪಾಯಿತು.

"ಅದೊಂದ್ ದನಿ ತಗೀಬ್ಯಾಡ ಮಾಲಿಂಗಪ್ಪಾ. ಬೇಕಾದ್ರ ಎಮ್ಮಿ ದನಿ ತಗಿ."

"ಎಮ್ಮಿಗೆ ಸಿಟ್ ಬರತೈತಿ, ವೈನಿ."

"ನನಗ ಬರೂದಿಲ್ಲೇನ?"

ಅವನು ನಕ್ಕ. ಅವಳು ನಗಲಿಲ್ಲ. ತಂಬಿಗೆಯ ನೀರನ್ನು ಚೆಲ್ಲಲೂ ಮನಸ್ಸಾಗದೆ ಗೂಡಿನಲ್ಲಿ ಇಟ್ಟಳು.

೪

ಆಗ ಚೌಕಾಬಾರ ಬಂತು. (ಆಟ ಗೊತ್ತಿದ್ದವರು ಮುಂದಿನ ಪ್ಯಾರಾ ಹಾರಿಸಬಹುದು. ಆದರೆ ಪಾಳಿ ಹಾರಿಸುವಂತಿಲ್ಲ, ಅದೇ ಮುಂದೆ ತೊಡಕು.)

ನೆಲದ ಮೇಲೆ ಸುಣ್ಣದಿಂದ ಬರೆದ ಪಟ, ಐದು ಐದಲೆ ಇಪ್ಪತ್ತೈದು ಮನೆ. ನಾಲ್ಕು ದಿಕ್ಕಿಗೆ ನಾಲ್ಕು ಜನ. ಒಬ್ಬೊಬ್ಬರ ಮುಂದೆ ಅಡ್ಡಗೀಟು ಹಾಕಿದ ಒಂದು ಕಟ್ಟೆ. ಅಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ನಾಲ್ಕು ಕವಡೆ ಒಗೆದು, ಬಿದ್ದಷ್ಟು ಮನೆ ನಡೆಸಿ, ಹೊರಸುತ್ತು ಮುಗಿಸಿ, ಒಳಸುತ್ತಿಗೆ ತಿರುಗಿ, ನಟ್ಟನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು. ನಿಮ್ಮ ಕಾಯಿ ಹೋಗಿ ಇಳಿದ ಮನೆಯಲ್ಲಿ ಇನ್ನೊಬ್ಬರ ಕಾಯಿ ಇದ್ದರೆ ಅದನ್ನು ಕಡಿದಂತೆ. ಕಡಿಸಿಕೊಂಡದ್ದು ವಾಪಸು ತನ್ನ ಕಟ್ಟೆಗೆ ಹೋಗಿ ಬೀಳುತ್ತದೆ, ನಾಲ್ಕರ ಚೌಕವೋ ಎಂಟರ ಬಾರವೋ ಬೀಳುವ ತನಕ ಏಳುವುದಿಲ್ಲ. ಇನ್ನೊಂದು ಕಾಯ್ದೆ ಇದೆ, ಅದನ್ನು ನೆನಪಿಡಿ: ಯಾರದಾದರೂ ಒಂದು ಕಾಯಿ ಕಡಿಯದವನಿಗೆ ಒಳಸುತ್ತಿಗೆ ದಾರಿಯಿಲ್ಲ. ಕಡಿಯುವ ತನಕ ಹೊರಗೇ ಸುತ್ತಬೇಕು.

ನಾಲ್ಕನೆಯ ದಿಕ್ಕನ್ನು ಖಾಲಿ ಬಿಡಲು ಕಾಶೆವ್ವ ಒಪ್ಪಲಿಲ್ಲ. ಆ ಮನೆಯ ರೂಢಿ ಹಾಗಿತ್ತು: ಆಟದ ನಡುವೆ ಯಾರಾದರೂ ದನಕ್ಕೆ ನೀರು ತೋರಿಸಲು ಎದ್ದು ಹೋದರೆ ಅವರ ಪಾಳಿ ತಪ್ಪಿಸುತ್ತಿರಲಿಲ್ಲ, ಉಳಿದವರು ಅವರ ಹೆಸರು ಹೇಳಿ ಒಗೆದು ಅವರ ಕಾಯಿ ನಡೆಸುತ್ತಿದ್ದರು.

"ದುಂಡ್ಯಾ ಎದ್ದ ಹೋಗ್ಯಾನ, ಅಷ್ಟ," ಎಂದಳು ಕಾಶೆವ್ವ. "ಅವನ ಪಾಳಿ ಅವಂಗ ಇರಲಿ."

ಕಾಶೆವ್ವನ ಕಾಯಿ ಹುಣಸೆ ಬೀಜ. ರಾಯವ್ವನದು ಹಸಿರು ಬಳೆಯ ಚೂರು. ಮಾಲಿಂಗಪ್ಪನದು ಹುರಿದ ಶೇಂಗಾ. ಆಟದ ಬಿಸಿಯಲ್ಲಿ ತನ್ನ ಕಾಯಿಯನ್ನೇ ತಿಂದು ಹೊಸದು ಇಡುತ್ತಿದ್ದ. ದುಂಡಪ್ಪನಿಗೆ ಏನಿಡುವುದು? ಗೂಟದಲ್ಲಿ ಅವನ ಹಳೆಯ ಅಂಗಿ ತೂಗುತ್ತಿತ್ತು. ರಾಯವ್ವ ಅದರ ಗುಂಡಿಗಳನ್ನು ಬಿಚ್ಚಿ ತಂದಳು. ಗಂಡನ ಹೆಸರು ಹೇಳುವಂತಿಲ್ಲವಲ್ಲ, ಅವನ ಪಾಲಿಗೆ ಒಗೆಯುವಾಗ "ಅವರದು" ಎಂದಷ್ಟೇ ಅನ್ನುತ್ತಿದ್ದಳು.

೫

ಆಟ ರಂಗೇರಿದ ಒಂದು ಸಂಜೆ ರಾಯವ್ವನಿಗೆ ಮೂರು ಬಿತ್ತು. ಮೂರನೆಯ ಮನೆಯಲ್ಲಿ ಅತ್ತೆಯ ಹುಣಸೆ ಬೀಜ. ಜಗತ್ತಿನ ಯಾವ ಸೊಸೆ ಬಿಟ್ಟಾಳು?

"ಕಡದೆ!" ಎಂದು ಕೂಗಿದಳು.

"ಕಡಿಯವಾ, ಕಡಿ. ಮಗನ್ನಂತೂ ಹುಕ್ಕೇರಿಗೆ ಕಳಿಸಿದಿ, ಇನ್ನ ಅವ್ವನ್ನೂ ಕಳಸ."

ನಗೆಯೋ ನಗೆ. ಮಾರನೆಯ ಬೆಳಗ್ಗೆ ಕಾಶೆವ್ವ ಏಳಲಿಲ್ಲ. ಮೈ ಕೆಂಡ. ತುಟಿಗೆ ನೇರಳೆ ಹಣ್ಣು ತಿಂದವರ ಬಣ್ಣ ಬಂದಿತ್ತು, ನೇರಳೆಯ ಕಾಲವಲ್ಲ ಅದು.

ಇಲ್ಲಿ ಕಥೆಗಾರನಾದವನು ಕಷಾಯ, ಬೇವಿನ ಹೊಗೆ, ವಿಭೂತಿ ಎಂದೆಲ್ಲ ಬರೆಯಬೇಕು. ಎಲ್ಲ ಮಾಡಿದರು. ಜ್ವರ ಇಳಿಯಲಿಲ್ಲ. ಮಾಲಿಂಗಪ್ಪ ನೋಡದಾಗ ರಾಯವ್ವ ಪಟದ ಮುಂದೆ ಕೂತಳು. ಕಟ್ಟೆಗೆ ಬಿದ್ದಿದ್ದ ಹುಣಸೆ ಬೀಜವನ್ನೇ ನೋಡುತ್ತ ಕವಡೆ ಕೈಗೆತ್ತಿಕೊಂಡಳು. "ಅತ್ತಿದು." ಎರಡು. "ಅತ್ತಿದು." ಒಂದು. ಹೀಗೆ ಒಗೆಯುತ್ತಲೇ ಹೋದಳು. ಕೊನೆಗೊಮ್ಮೆ ನಾಲ್ಕೂ ಕವಡೆ ಬೋರಲು ಬಿದ್ದವು. ಬಾರ. ಬೀಜವನ್ನು ಎತ್ತಿ ನಡೆಸುತ್ತಿದ್ದಂತೆ ಒಳಗಿನಿಂದ ದನಿ ಬಂತು:

"ರಾಯವ್ವಾ, ಒಂದೀಟ ಗಂಜಿ ಕೊಡ. ಹೊಟ್ಟಿ ಹಸದೈತಿ."

ರಾಯವ್ವ ಇದನ್ನು ಹೇಳಿದಾಗ ಮಾಲಿಂಗಪ್ಪ ಕಾಲೇಜಿನ ಮುಖ ಹಾಕಿದ. "ಜ್ವರಾ ಇಳಿಯೂ ಹೊತ್ತಿಗೆ ಬಾರಾ ಬಿತ್ತು. ಬಾರಾ ಬಿತ್ತಂತ ಜ್ವರಾ ಇಳೀಲಿಲ್ಲ. ಇದಕ್ಕ ಲಾಜಿಕ್ ಅಂತಾರ, ವೈನಿ."

"ಹಂಗಾದ್ರ ನನ್ನ ಕಾಯಿ ಕಡಿ."

"ಕಡೀತೀನಿ. ಏನ ಅಂಜಿಕಿ?"

ಒಗೆದ. ಬೇಕಾದಷ್ಟೇ ಬಿತ್ತು. ಶೇಂಗಾ ಎತ್ತಿದ. ಬಳೆಚೂರಿನ ಮನೆಯ ಮೇಲೆ ಅವನ ಕೈ ನಿಂತಿತು. ಎಮ್ಮೆ ಮೆಲುಕು ನಿಲ್ಲಿಸಿತು. ಮಾಲಿಂಗಪ್ಪ ಶೇಂಗಾವನ್ನು ಬಾಯಿಗೆ ಹಾಕಿಕೊಂಡು, "ಹೊಟ್ಟಿ ಹಸದೈತಿ ನನಗೂ" ಎಂದ.

ಅಂದಿನಿಂದ ಯಾರೂ ಯಾರನ್ನೂ ಕಡಿಯಲಿಲ್ಲ. ಕಡಿಯದೆ ಒಳಗೆ ದಾರಿಯಿಲ್ಲ. ಕಡಿದಿದ್ದ ರಾಯವ್ವನಿಗೆ ದಾರಿಯಿತ್ತು, ಆದರೆ ಒಬ್ಬಳೇ ಒಳಗೆ ಹೋಗಿ ಏನು ಮಾಡುವುದು? ಎಲ್ಲರ ಕಾಯಿಗಳೂ ಹೊರಸುತ್ತಿನಲ್ಲೇ ಸುತ್ತಿದವು. ಆಟ ನಿಲ್ಲಿಸಲೂ ಧೈರ್ಯವಿಲ್ಲ. ನಿಲ್ಲಿಸಿದರೆ ಕಾಯಿಗಳು ಎಲ್ಲಿದ್ದವೋ ಅಲ್ಲೇ ಉಳಿದುಬಿಡುತ್ತವಲ್ಲ! ಬೆಳಗ್ಗೆ ಸೆಗಣಿ ಹಾಕಿ ಸಾರಿಸುವಾಗ ರಾಯವ್ವ ಪಟದ ಸುತ್ತ ಮಾತ್ರ ಕೈಯಾಡಿಸುತ್ತಿದ್ದಳು. ಹಸಿ ನೆಲದ ನಡುವೆ ಒಣಗಿದ ಒಂದು ಚೌಕ, ಅದರ ಮೇಲೆ ಗುಂಡಿಗಳು.

ಆ ಗುಂಡಿಗಳ ನಡೆ ಮೊದಲು ಕಣ್ಣಿಗೆ ಬಿದ್ದದ್ದು ರಾಯವ್ವನಿಗೇ. ಯಾರು ಒಗೆದರೂ ದುಂಡಪ್ಪನ ಪಾಳಿಗೆ ಬೀಳುವುದು ಒಂದೇ ತರಹ: ಇನ್ನೊಬ್ಬರ ಕಾಯಿಗಿಂತ ಒಂದು ಮನೆ ಹಿಂದೆ, ಇಲ್ಲವೇ ಒಂದು ಮನೆ ಮುಂದೆ. ಪಕ್ಕದಲ್ಲಿ ಬಂದು ಕೂರುತ್ತಿತ್ತು ಗುಂಡಿ, ಎಂದೂ ಮೇಲೆ ಕೂರುತ್ತಿರಲಿಲ್ಲ.

೬

ಇಷ್ಟು ಬರೆದು ಚಹಾಕ್ಕೆ ಎದ್ದಿದ್ದೆ. ವಾಪಸು ಬಂದರೆ ರಾಯವ್ವ ಪಟ ಬಿಟ್ಟು ನನ್ನ ಕಡೆಗೇ ನೋಡುತ್ತಿದ್ದಾಳೆ.

"ಲಕ್ಕಪ್ಪ ಕಾಕಾಂದು ಕೆಮ್ಮ ಕೇಳವಲ್ದು," ಎಂದಳು.

"ಯಾವ ಲಕ್ಕಪ್ಪ?" ಎಂದೆ. (ಗೊತ್ತಿತ್ತು ನನಗೆ.)

"ಗ್ವಾಡಿ ಆಚೀಕಿನಾಂವ. ಹಗಲೆಲ್ಲಾ ಕೆಮ್ಮತಿದ್ದ. ನೀವು ಹಾಳಿ ಹರದ್ರಿ ನೋಡ್ರಿ, ಅವಾಗಿಂದ ಸಪ್ಪಳಿಲ್ಲ. ಏನ ಮಾಡಿದ್ರಿ ಅವಂಗ?"

"ಕಥೆಗೆ ಬೇಕಾಗಿರಲಿಲ್ಲ, ರಾಯವ್ವಾ. ಎಡಿಟಿಂಗ್ ಅಂತ ಇರುತ್ತದೆ. ಒಂದಷ್ಟು ಕಡಿಯಬೇಕಾಗುತ್ತದೆ."

ಆಡಿದ ಮೇಲೆ ನನಗೇ ಕೇಳಿಸಿತು ಆ ಮಾತು.

ಅವಳು ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಅತ್ತಿಗೆ ಜ್ವರಾ ಬಂದದ್ದು ನಾ ಕಡದದ್ದಕ್ಕೋ, ನೀವು ಬರದದ್ದಕ್ಕೋ?"

ಉತ್ತರ ಗೊತ್ತಿದ್ದರೆ ನಾನು ಕಥೆ ಬರೆಯುತ್ತಿರಲಿಲ್ಲ, ಔಷಧ ಬರೆದುಕೊಡುತ್ತಿದ್ದೆ. ಲಕ್ಕಪ್ಪನ ಕೆಮ್ಮನ್ನು ವಾಪಸು ಬರೆಯಲು ನೋಡಿದೆ: "ಗೋಡೆಯಾಚೆ ಲಕ್ಕಪ್ಪ ಕೆಮ್ಮಿದ." ಕಿವಿಗೊಟ್ಟು ಕೇಳಿ. ನನಗಂತೂ ಕೇಳಿಸುತ್ತಿಲ್ಲ.

೭

ಕಾಶೆವ್ವ ಗೋಡೆಗೆ ಒರಗಿ ಕೂರುವಷ್ಟು ಚೇತರಿಸಿಕೊಂಡಿದ್ದಳು. ಕೂತು ಪಟವನ್ನೇ ನೋಡಿ ನೋಡಿ ಒಂದು ದಿನ ಹೇಳಿದಳು:

"ಅವ ಯಾಕ ಮನಿಗೆ ಬರವಲ್ಲ, ಗೊತ್ತಾತ ನನಗ."

"ಯಾಕವಾ?" ಎಂದ ಮಾಲಿಂಗಪ್ಪ.

"ಒಂದ ಕಾಯಿನೂ ಕಡದಿಲ್ಲ ಅವ. ಒಳಗ ಹೆಂಗ ಬರತಾನ?"

ಅದೇ ಮಾತು ರಾಯವ್ವನ ಒಳಗೂ ಸುಳಿದಾಡುತ್ತಿತ್ತು. ಹೊರಗೆ ಕೇಳಿದಾಗ ಅದಕ್ಕೆ ಹಲ್ಲು ಬಂದಂತಾಯಿತು.

ಕಾಶೆವ್ವ ಕೈ ಚಾಚಿ ತನ್ನ ಹುಣಸೆ ಬೀಜವನ್ನು ಇದ್ದಲ್ಲಿಂದ ಜರುಗಿಸಿ, ಗುಂಡಿಯ ಮುಂದಿನ ಮನೆಗೆ ಇಟ್ಟಳು. ಆಟದಲ್ಲಿ ಇಂಥ ನಡೆಯಿಲ್ಲ. ಯಾರೂ ಅಡ್ಡಿ ಮಾಡಲಿಲ್ಲ.

"ನಂದ ಕಡೀಲಿ. ಒಗಿಯವಾ, ಗಂಡನ ಪಾಳಿ ನೀನs ಒಗಿ."

"ಅತ್ತೀ, ನನ್ನ ಕೈಲೆ ಹೇಳಬ್ಯಾಡ್ರಿ. ಒಮ್ಮಿ ಆಗೇತಿ, ಸಾಕ."

"ನಿನ್ನ ಕೈ ಅಲ್ಲ ಹುಚ್ಚಿ, ಅವನ ಕೈ. ಅವ ಬರೂದು ಬ್ಯಾಡೇನ ನಿನಗ?"

ಯಾವ ಸೊಸೆಗೂ ಯಾವ ಅತ್ತೆಯೂ ಇಂಥ ಪ್ರಶ್ನೆ ಕೇಳಬಾರದು. ಬೇಕು ಎಂದರೆ ಅತ್ತೆಯ ಮೇಲೆ ಕವಡೆ ಎತ್ತಿದಂತೆ. ಬೇಡ ಎಂದರೆ ಗಂಡನ ಮೇಲೆ ಕದ ಹಾಕಿದಂತೆ. ರಾಯವ್ವ ಕಣ್ಣು ಮುಚ್ಚಿ ಒಗೆದಳು. ಒಂದು ಬೇಕಿತ್ತು. ಎರಡು ಬಿತ್ತು. ಗುಂಡಿ ಬೀಜವನ್ನು ದಾಟಿ ಆಚೆ ಕೂತಿತು.

ಕಾಶೆವ್ವ ಮತ್ತೆ ಬೀಜವನ್ನು ಗುಂಡಿಯ ಮುಂದಕ್ಕೆ ಇಟ್ಟಳು. ಮತ್ತೆ ದಾಟಿತು. ಮಾಲಿಂಗಪ್ಪ ಒಗೆದ, ದಾಟಿತು. ತಾಯಿಯೇ ಒಗೆದಳು, ದಾಟಿತು.

"ಕಡಿಯಾಂವ ಅಲ್ಲs ಅಲ್ಲ ಅವ," ಎಂದು ಕಾಶೆವ್ವ ಅತ್ತಳು. "ಆಟದಾಗೂ ಕಡಿಯಾಂವಲ್ಲ."

೮

ಮಟಮಟ ಮಧ್ಯಾಹ್ನ. ಇಂಥದ್ದನ್ನು ರಾತ್ರಿ ಇಡುವುದು ವಾಡಿಕೆ, ಆದರೆ ಆದದ್ದು ಮಧ್ಯಾಹ್ನ. ಬೆಳಕಿಂಡಿಯ ಬಿಸಿಲುಕೋಲು ನೇರ ಪಟದ ಮೇಲೆ ನಿಂತಿತ್ತು. ಮಾಲಿಂಗಪ್ಪ ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದ, ಬಾಯಿ ತುಂಬ ರೊಟ್ಟಿ. ಇದನ್ನು ಗಮನಿಸಿ. ರಾಯವ್ವ ಗಮನಿಸಿದಳು.

ಹೊರಗೆ ಗಂಟಲು ಸರಿಮಾಡಿಕೊಂಡ ಸಪ್ಪಳ.

"ಹ್ಹೂಂ. ಕದಾ ತಗೀರಿ."

ರಾಯವ್ವ ಮಾಲಿಂಗಪ್ಪನನ್ನು ನೋಡಿದಳು. ಅಗಿಯುವುದನ್ನು ನಿಲ್ಲಿಸಿದ್ದ. ತುತ್ತು ನುಂಗಲಾರದೆ, ಉಗುಳಲಾರದೆ, ಅಲ್ಲವೆಂದು ತಲೆಯಾಡಿಸಿದ.

"ಯಾರ್ರಿ?" ಎಂದಳು ರಾಯವ್ವ.

"ಹ್ಹೂಂ. ನಾನs."

"ನಾನs ಅಂದ್ರ?"

ಹೆಸರು ಬರಲಿಲ್ಲ. ಗಂಡ ತನ್ನ ಹೆಸರನ್ನು ತಾನು ಹೇಳುತ್ತಿದ್ದನೇ ಎಂದೂ? ಯಾವಾಗಲೂ ‘ನಾನು’ ಎಂದವನೇ. ಹೌದೆನ್ನಲು ಅದೇ ಸಾಕ್ಷಿ, ಅಲ್ಲವೆನ್ನಲೂ ಅದೇ.

ಕಾಶೆವ್ವ ಗೋಡೆ ಹಿಡಿದು ಏಳಲು ನೋಡಿ ಕುಸಿದಳು. "ದುಂಡ್ಯಾ! ಬಂದ್ಯಾ? ಕಡದಿಲ್ಲಲ್ಲೋ ಇನ್ನೂ, ಹೆಂಗ ಬಂದಿ?"

೯

ಈಗ ನಾನು ಮುಕ್ತಾಯ ಕೊಡಬೇಕು. ಮೂರು ತಯಾರಿವೆ.

ಅ) ರಾಯವ್ವ ಕದ ತೆಗೆಯುತ್ತಾಳೆ. ಧೂಳು ಮೆತ್ತಿದ ದುಂಡಪ್ಪ ನಿಂತಿದ್ದಾನೆ, ಬಡಕಲಾಗಿದ್ದಾನೆ, ನಗುತ್ತಿದ್ದಾನೆ. ಅವಳು ಹಿಂದಿರುಗಿ ನೋಡಿದರೆ ಕಾಶೆವ್ವ ಗೋಡೆಗೆ ಒರಗಿದಂತೆಯೇ ತಣ್ಣಗಾಗಿದ್ದಾಳೆ.

"ಛೀ," ಎಂದಳು ರಾಯವ್ವ. "ಒಬ್ಬರನ್ನ ಕೊಟ್ಟ ಒಬ್ಬರನ್ನ ಇಸಗೋಳಾಕ ಇದೇನ ಸಂತಿ ಏನ್ರಿ?"

ಆ) ಕದ ತೆಗೆಯುವುದಿಲ್ಲ. ದನಿ ನಿಲ್ಲುತ್ತದೆ. ಜ್ವರದ ಕಾಲ ಮುಗಿದ ಮೇಲೆ ಹುಕ್ಕೇರಿಯಿಂದ ಬಂದವರು ಹೇಳುತ್ತಾರೆ, ದುಂಡಪ್ಪ ತೀರಿಕೊಂಡು ಎಷ್ಟೋ ದಿನವಾಯಿತೆಂದು.

"ಅದನ್ನೇನರ ಬರದ್ರ ನೋಡ್ರಿ!"

ಇ) ಲಾಜಿಕ್. ಎಲ್ಲ ಮಾಲಿಂಗಪ್ಪನದೇ ಆಟ. ರೊಟ್ಟಿ ತುಂಬಿದ ಬಾಯಿಂದಲೂ ದನಿಯನ್ನು ಹೊರಗಿಂದ ಬಂದಂತೆ ಮಾಡುವ ವಿದ್ಯೆ ಅವನಿಗೆ...

ಮಾಲಿಂಗಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದ. ಅಣಕಿಸುವವರ ಕಣ್ಣಿನಲ್ಲಿ ಅಂಥ ಭಯವನ್ನು ನಾನು ಕಂಡಿರಲಿಲ್ಲ. ಮುಚ್ಚಿದ ಬಾಯಿಯ ಆಚೆ, ಕದದ ಆಚೆ, ಮತ್ತೆ ಅದೇ:

"ಹ್ಹೂಂ. ಬಿಸಲಾಗ ನಿಂತೇನಿ."

೧೦, ಅಥವಾ ನನಗೆ ತಿಳಿಯದ್ದು

ಮುಂದಿನದನ್ನು ನಾನು ಯೋಚಿಸಿರಲಿಲ್ಲ. ರಾಯವ್ವ ಪಟದ ಹತ್ತಿರ ಹೋಗಿ, ತನ್ನ ಬಳೆಚೂರನ್ನು ಗುಂಡಿಯ ಮುಂದೆ ಇಟ್ಟು, ನಾಲ್ಕೂ ಕವಡೆ ಎತ್ತಿಕೊಂಡಳು. ಹೊಸ್ತಿಲ ಬಳಿ ಮೊಣಕಾಲೂರಿ ಕೂತು, ಕದದ ಕೆಳಗಿನ ಸಂದಿಯಲ್ಲಿ ಅವುಗಳನ್ನು ಒಂದೊಂದಾಗಿ ಹೊರಗೆ ತಳ್ಳಿದಳು.

"ನಾವು ಯಾರ ಒಗದ್ರೂ ಬೀಳವಲ್ದು," ಎಂದಳು ಕದಕ್ಕೆ. "ನಿಮ್ಮ ಪಾಳಿ ನೀವs ಒಗೀರಿ. ಬೀಜಾ ಅಲ್ಲ, ನನ್ನ ಬಳಿಚೂರ ಇಟ್ಟೇನಿ ಮುಂದ. ಅದೂ ಬ್ಯಾಡಾಗಿದ್ರ ಬ್ಯಾಡ. ಆದ್ರ ಒಗೀರಿ. ಕೈ ಐತೋ ಇಲ್ಲೋ ಅಷ್ಟ ಗೊತ್ತಾಗಲಿ ನನಗ."

ಹೊರಗಿನ ಕಲ್ಲಿನ ಮೇಲೆ ಕವಡೆಗಳನ್ನು ಬಳಿದುಕೊಂಡ ಸಪ್ಪಳ. ಮುಷ್ಟಿಯಲ್ಲಿ ಕುಲುಕಿದ ಸಪ್ಪಳ. ಬಿದ್ದ ಸಪ್ಪಳ.

"ಎಷ್ಟ ಬಿತ್ತವಾ?" ಒಳಗಿನಿಂದ ಕಾಶೆವ್ವ.

"ಎಷ್ಟ ಬಿತ್ತರಿ?" ಕದಕ್ಕೆ ಕಿವಿ ಹಚ್ಚಿ ರಾಯವ್ವ.

"ಹ್ಹೂಂ," ಎಂದಿತು ಹೊರಗೆ, ಈಗ ತೀರ ಹತ್ತಿರ, ಅವಳ ಕಿವಿಯಷ್ಟೇ ಎತ್ತರದಲ್ಲಿ. "ಹೊರಗ ಬಂದ ನೋಡ."

ರಾಯವ್ವ ಎದ್ದು ಅಗಳಿಗೆ ಕೈ ಹಚ್ಚಿದಳು. ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೇನೆ. ನನಗೆ ಕಾಣುವುದು ಅವಳ ತುರುಬು ಮತ್ತು ಕದದ ಹಲಗೆ ಮಾತ್ರ. ಆಚೆಗೆ ಏನಿದೆ ಎಂದು ಬರೆಯಲು ಕೈ ತುರಿಸುತ್ತಿದೆ. ನಿಮಗೂ ಓದಲು ಕಣ್ಣು ತುರಿಸುತ್ತಿರಬಹುದು. ಅವಳು ಅರ್ಧ ಸರಿಸಿದ ಅಗಳಿಯನ್ನು ಹಾಗೇ ಹಿಡಿದು ಹಿಂದಕ್ಕೆ ತಿರುಗಿದಳು. ನನ್ನ ಮುಖ ನೋಡಲಿಲ್ಲ. ಕೈಯೊಳಗಿನ ಪೆನ್ನು ನೋಡಿದಳು.

"ಅದನ್ನ ಕೆಳಗ ಇಡ್ರಿ," ಎಂದಳು. "ಇಟ್ಟ ಮ್ಯಾಲ ತಗೀತೀನಿ."

ಇಡುತ್ತಿದ್ದೇನೆ, ರಾಯವ್ವಾ.